ವಾರದ ಮೊದಲ ಕಡ್ಡಿ

ಬತ್ತಿ ಕತ್ತರಿಸುವಾಗ ನಾವು ಮಾತಾಡುವುದಿಲ್ಲ. ಚಾವಡಿಯ ಜಗಲಿಯಲ್ಲಿ ಎದುರುಬದುರು ಕೂರುತ್ತೇವೆ. ನೆಬಿಸಕ್ಕ ಹತ್ತಿಯ ಹುರಿಯನ್ನು ಎಳೆದು ಹಿಡಿಯುತ್ತಾಳೆ, ನಾನು ಕತ್ತರಿ ಹಾಕುತ್ತೇನೆ. ತುಂಡು ಬುಟ್ಟಿಗೆ ಬೀಳುತ್ತದೆ, ಹುರಿ ಮತ್ತೆ ಗೇಣುದ್ದ ಮುಂದೆ ಬರುತ್ತದೆ. ಆ ಶುಕ್ರವಾರವೂ ಹಾಗೇ ಕೂತಿದ್ದೆವು. ಹುರಿ ಮಾತ್ರ ತಂತಿಯ ಹಾಗೆ ಬಿಗಿದಿತ್ತು. ನಾನು ಅದರ ಮೇಲೆ ಒಂದು ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಅವಳಿಗೆ ಅರ್ಥವಾಯಿತು, ಕೈ ಸಡಿಲ ಬಿಟ್ಟಳು. ಇಬ್ಬರೂ ತಲೆ ಎತ್ತಲಿಲ್ಲ. ಮರುದಿನ ಸಂಜೆ ವಾರದ ಮೊದಲ ಕಡ್ಡಿಯನ್ನು ಗೀರಬೇಕಾದವಳು ನೆಬಿಸಕ್ಕ.

ನಮ್ಮ ಊರಿನಲ್ಲಿ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಹೊಸ ಬೆಂಕಿ ಹತ್ತುವುದಿಲ್ಲ. ಮೊದಲೇ ಹತ್ತಿದ್ದು ಉರಿಯುತ್ತಿರುತ್ತದೆ, ಅಷ್ಟೇ. ಕಡ್ಡಿ ಗೀರಿದರೆ ಗಂಧಕದ ವಾಸನೆ ಬರುತ್ತದೆ, ಕಿಡಿ ಬರುವುದಿಲ್ಲ. ಉರಿಯುವ ದೀಪದಿಂದ ಇನ್ನೊಂದನ್ನು ಹಚ್ಚಲು ಹೋದರೆ ಅದು ಒದ್ದೆ ಸೌದೆಯ ಹಾಗೆ ಸುಮ್ಮನಿರುತ್ತದೆ. ಸ್ವಿಚ್ಚು ಒತ್ತಿದರೆ ಬಲ್ಬಿಲ್ಲ, ಕೀಲಿ ತಿರುಗಿಸಿದರೆ ಬಸ್ಸು ಕೆಮ್ಮುವುದೂ ಇಲ್ಲ. ಮೇಲಿನ ಬೀದಿಯ ಯೆಹೂದಿಗಳಾದ ನಮ್ಮ ಮನೆಗಳಿಗೂ ಇದೇ, ಕೆಳಗಿನ ಉಪ್ಪಿನ ಕೇರಿಯ ಮನೆಗಳಿಗೂ ಇದೇ. ಉಪ್ಪಿನ ಕೇರಿಯವರು ಮೊದಲಿನಿಂದ ಇಲ್ಲಿದ್ದವರು. ನಮ್ಮ ಅಜ್ಜ ಅಜ್ಜಿಯರು ಅರವತ್ತು ವರ್ಷದ ಹಿಂದೆ ಮೂರು ಹಡಗಿನಲ್ಲಿ ಬಂದಿಳಿದರು. ಅವರು ಇಳಿದ ವಾರದಿಂದಲೇ, ಬೆಂಕಿ ಹೊತ್ತಿಸಬಾರದ ನಮ್ಮ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ, ಬೆಂಕಿ ನಿಲ್ಲತೊಡಗಿತು.

ಎಲ್ಲರೂ ಒಗ್ಗಿಕೊಂಡಿದ್ದಾರೆ. ಬಸ್ಸಿನ ಡ್ರೈವರು ಶುಕ್ರವಾರ ಮಧ್ಯಾಹ್ನವೇ ಗಾಡಿ ತಂದು, ಅವಸರ ಬಿದ್ದರೆ ಉರುಳಿಸಿಕೊಂಡಾದರೂ ಹೋಗಬಹುದೆಂದು, ಇಳಿಜಾರಿಗೆ ಮುಖಮಾಡಿ ನಿಲ್ಲಿಸುತ್ತಾನೆ. ಉಪ್ಪಿನ ಕೇರಿಯಲ್ಲಿ ಚಹಾ ಅಂಗಡಿ ಇಟ್ಟಿರುವ ಇದಿನಬ್ಬ, ಶುಕ್ರವಾರಕ್ಕೆಂದೇ ಮೊಳಕೈಯುದ್ದದ ಬೀಡಿ ಸುತ್ತಿಕೊಳ್ಳುತ್ತಾನೆ. ಅದು ಊಟದ ಹೊತ್ತಿನವರೆಗೆ ಬರುತ್ತದೆ. ಆಮೇಲೆ ಶನಿವಾರ ಸಂಜೆಯವರೆಗೆ ಅವನನ್ನು ಯಾರೂ ಮಾತಾಡಿಸುವುದಿಲ್ಲ. ತುಂಬು ಬಸುರಿಯರಿರುವ ಮನೆಗೆ ಒಂದು ದೀಪ ಹೆಚ್ಚಿಗೆ ಹಚ್ಚಿಟ್ಟು ಬರುವುದು ನನ್ನ ಕೆಲಸ. ಯಾವ ಬೀದಿಯ ಮನೆಯಾದರೂ ಸರಿ.

ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಚಾವಡಿಯ ಮೆಟ್ಟಿಲ ಮೇಲೆ ಒಂದು ಕಡ್ಡಿ ಗೀರುತ್ತಾರೆ. ಊರು ಆರಿಸಿದವರ ಕೈಯಲ್ಲಿ ಮಾತ್ರ ಅದು ಹತ್ತುತ್ತದೆ. ಅದು ಹತ್ತಿದ ಮೇಲೆ ಊರಿನ ಎಲ್ಲ ಕಡ್ಡಿಗಳೂ, ಬಲ್ಬುಗಳೂ, ಬಸ್ಸೂ. ನನ್ನಜ್ಜನ ಕಾಲದಲ್ಲಿ ಒಬ್ಬ ಹಿರಿಯರು ಯಾರನ್ನೂ ಕೇಳದೆ ತಮ್ಮ ಮಗನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದ್ದರಂತೆ. ಹನ್ನೊಂದು ದಿನ ಊರಿಗೆ ಊರೇ ನೆನೆಸಿದ ಅವಲಕ್ಕಿ ತಿಂದಿತು. ಹನ್ನೆರಡನೆಯ ದಿನ ಮತ ಹಾಕಿಸಿದರು.

ಚಾವಡಿಯ ಬಾಗಿಲ ಮೇಲಿನ ಕಲ್ಲಿನಲ್ಲಿ ಎರಡು ಸಾಲು ಕೆತ್ತಿದೆ. ಮೇಲಿನದು, ಇದು ಯೆಹೂದ್ಯರ ಮನೆ. ಕೆಳಗಿನದು, ಇಲ್ಲಿ ಮಲಗಿ ಏಳುವ ಪ್ರತಿಯೊಬ್ಬರಿಗೂ ಒಂದು ಹರಳು. ಹರಳು ಎಂದರೆ ಉಪ್ಪಿನ ಹರಳು, ನಮ್ಮಲ್ಲಿ ಮತ ಹಾಕುವುದು ಅದರಲ್ಲೇ. ಎರಡನ್ನೂ ಒಬ್ಬನೇ ಕಲ್ಲುಕುಟಿಗ ಒಂದೇ ದಿನ ಕೆತ್ತಿದ್ದು. ನಾನು ವಾರಕ್ಕೊಮ್ಮೆ ಏಣಿ ಹಾಕಿ ಒರೆಸುತ್ತೇನೆ. ಎರಡು ಸಾಲಿಗೂ ಧೂಳು ಒಂದೇ ಸಮ ಕೂರುತ್ತದೆ.

ಮೂವತ್ತು ವರ್ಷ ಕಡ್ಡಿ ಗೀರಿದ ಲೇಯಾ ಬಾಯಿ ಹಿಂದಿನ ಶನಿವಾರದ ಕಡ್ಡಿ ಗೀರಿದ ರಾತ್ರಿಯೇ ತೀರಿಕೊಂಡರು. ಅವರ ಜಾಗಕ್ಕೆ ಇಬ್ಬರ ಹೆಸರು ಬಂತು. ಒಬ್ಬರು ಮೇಲಿನ ಬೀದಿಯ ಬಿನ್ಯಾಮಿನ್ ಮಾಸ್ತರು, ನಾನು ಆರನೆಯ ಕ್ಲಾಸಿಗೆ ಶಾಲೆ ಬಿಡುವವರೆಗೆ ನನಗೆ ಪಾಠ ಹೇಳಿದವರು. ಇನ್ನೊಬ್ಬಳು ಉಪ್ಪಿನ ಕೇರಿಯ ನೆಬಿಸಕ್ಕ, ಲೇಯಾ ಬಾಯಿಗೆ ಇಪ್ಪತ್ತು ವರ್ಷ ಬತ್ತಿ ಹೊಸೆದುಕೊಟ್ಟವಳು. ಕೆಳಗಿನ ಕೇರಿಯಿಂದ ಯಾರ ಹೆಸರೂ ಅಲ್ಲಿಯವರೆಗೆ ಬಂದಿರಲಿಲ್ಲ. ಬರಬಾರದೆಂದು ಯಾರೂ ಬರೆದಿಟ್ಟೂ ಇರಲಿಲ್ಲ.

ಮಂಗಳವಾರ ಮತ ನಡೆಯಿತು. ಒಳಕೋಣೆಯಲ್ಲಿ ಎರಡು ಬುಟ್ಟಿ. ನೀಲಿ ದಾರ ಕಟ್ಟಿದ್ದು ಮಾಸ್ತರದು, ಕೆಂಪು ದಾರದ್ದು ನೆಬಿಸಕ್ಕನದು. ಒಬ್ಬೊಬ್ಬರೇ ಒಳಗೆ ಬಂದು ತಮ್ಮ ಹರಳನ್ನು ಹಾಕಿ ಹೋಗಬೇಕು. ಬುಟ್ಟಿ ಕಾಯಲು ಒಬ್ಬರು ಮೂಲೆಯಲ್ಲಿ ಕೂರುತ್ತಾರೆ. ಕಂಡದ್ದನ್ನು ಹೊರಗೆ ಹೇಳುವುದಿಲ್ಲವೆಂದು ಆಣೆ ಮಾಡಿ ಕೂರಬೇಕು. ಈ ಹುಡುಗಿ ಹೇಗೂ ಮಾತಾಡುವುದಿಲ್ಲ ಎಂದು ನನ್ನನ್ನೇ ಕೂರಿಸಿದರು.

ಅವತ್ತು ಬೆಳಿಗ್ಗೆಯಿಂದ ಜಿನುಗು ಮಳೆ. ನಡೆಯಲಾಗದವರ ಹರಳನ್ನು ಮನೆಯವರು ತಂದು ಹಾಕಬಹುದು. ನನ್ನ ಅಜ್ಜಿ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಅವಳಿರುವುದು ನನ್ನ ಚಿಕ್ಕಪ್ಪ ರಹಮಿಮ್ ಅವರ ಮನೆಯಲ್ಲಿ. ಚಿಕ್ಕಪ್ಪ ಈ ಊರಿನ ಹಿರಿಯರು. ಅವರ ಹೆಂಡತಿ ಮಲ್ಕಾ ಚಿಕ್ಕಮ್ಮ ಒಳಗೆ ಬಂದು ಮುಷ್ಟಿ ಬಿಚ್ಚಿದಳು. ತನ್ನದೊಂದು, ಅಜ್ಜಿಯದೊಂದು, ಎರಡೂ ಹರಳು ಒದ್ದೆ ಕೈಯಲ್ಲಿ ಅಂಟಿಕೊಂಡಿದ್ದವು. ಬಿಡಿಸಲು ನೋಡಿದಳು, ಆಗಲಿಲ್ಲ. ಬಿಡಿಸುವ ಅಗತ್ಯವೂ ಇರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಹಾಗೇ ಕೆಂಪು ದಾರದ ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ನಮ್ಮಲ್ಲಿ ಮನುಷ್ಯರನ್ನು ಎಣಿಸಬಾರದು. ಆದ್ದರಿಂದ ಹರಳು ಎಣಿಸುವಾಗಲೂ ಒಂದಲ್ಲ, ಎರಡಲ್ಲ, ಮೂರಲ್ಲ ಎಂದು ಎಣಿಸುತ್ತೇವೆ. ಮಾಸ್ತರ ಪರವಾಗಿ ಚಿಕ್ಕಪ್ಪ, ನೆಬಿಸಕ್ಕನ ಪರವಾಗಿ ಇದಿನಬ್ಬ, ಎಣಿಸುವ ನನ್ನ ಎದುರು ಕೂತಿದ್ದರು. ನೀಲಿ ಬುಟ್ಟಿ ನೂರ ನಲವತ್ತೆರಡಲ್ಲ ಎಂಬಲ್ಲಿಗೆ ಮುಗಿಯಿತು. ಕೆಂಪು ಬುಟ್ಟಿಯಲ್ಲಿ ಅಂಟಿದ ಹರಳು ಕೈಗೆ ಬಂದಾಗ ಕತ್ತರಿಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಎರಡಾಗಿ ಬಿತ್ತು, ಎರಡೆಂದೇ ಎಣಿಸಿದೆ. ನೂರ ನಲವತ್ತಮೂರಲ್ಲ. ಎಣಿಸಿದ ಹರಳನ್ನು ಉಳಿಸಿಕೊಳ್ಳಬಾರದು, ಆ ಕ್ಷಣವೇ ಕೆರೆಗೆ ಸುರಿಯಬೇಕು ಎಂಬುದೂ ನಮ್ಮ ಪದ್ಧತಿ. "ಅದು ಒಂದೇ ಹರಳಲ್ವಾ?" ಎಂದು ಚಿಕ್ಕಪ್ಪ ಬಾಯಿ ತೆರೆಯುವಷ್ಟರಲ್ಲಿ ಇದಿನಬ್ಬ ಎರಡೂ ಬುಟ್ಟಿ ಎತ್ತಿಕೊಂಡು ಕೆರೆಯ ಮೆಟ್ಟಿಲು ಇಳಿದಿದ್ದ. ಉಪ್ಪು ಕರಗಿತು. ಉಳಿದದ್ದು ನಾನು ಎಣಿಸಿದ ಲೆಕ್ಕ.

ಆ ವಾರವೆಲ್ಲ ಊರಿನಲ್ಲಿ ಒಂದೇ ಮಾತು. ಯೆಹೂದಿಯಲ್ಲದವರ ಕೈಯಲ್ಲಿ ಅದು ಹತ್ತುತ್ತದೆಯೇ? ಯಾರಿಗೂ ಗೊತ್ತಿರಲಿಲ್ಲ. ಗೀರಿ ನೋಡಿದವರೇ ಇರಲಿಲ್ಲ.

ಬತ್ತಿಯ ಬುಟ್ಟಿ ತುಂಬುವ ಹೊತ್ತಿಗೆ ಚಿಕ್ಕಪ್ಪ ಚಾವಡಿಗೆ ಬಂದರು. ಜೊತೆಯಲ್ಲಿ ಬಿನ್ಯಾಮಿನ್ ಮಾಸ್ತರು. ಸೂರ್ಯ ಮುಳುಗಲು ಇನ್ನೂ ಎರಡು ಗಂಟೆ ಇತ್ತು. ಚಿಕ್ಕಪ್ಪ ಕೂರಲಿಲ್ಲ.

"ತಿರ್ಜಾ, ಆ ಹರಳು ಒಂದೇ ಇತ್ತು ಅಂತ ಹೇಳಿಬಿಡು."

"ಎರಡಿತ್ತು ಚಿಕ್ಕಪ್ಪ."

"ನೀನು ಬಡಿದೆ, ಎರಡಾಯ್ತು. ಇನ್ನೂ ಜೋರಾಗಿ ಬಡಿದಿದ್ರೆ ನಾಲ್ಕಾಗ್ತಿತ್ತು. ಆಗ ನಾಲ್ಕು ಅಂತ ಎಣಿಸ್ತಿದ್ಯಾ?"

"ಇಲ್ಲ. ಎರಡು ಅಂಟಿಕೊಂಡಿತ್ತು. ಹಾಕಿದ್ದು ನೋಡಿದ್ದೀನಿ."

"ಯಾರು ಹಾಕಿದ್ದು?"

ನಾನು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡೆ.

"ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನೀನು. ಲೆಕ್ಕ ತಪ್ಪಿತು ಅಂದ್ರೆ ಯಾರೂ ಬೈಯಲ್ಲ. ಒಂದು ಮಾತು ಸಾಕು. ಎರಡೂ ಕಡೆ ಸಮ ಅಂತಾದ್ರೆ ಹಿರಿಯ ತೀರ್ಮಾನ ಮಾಡಬೇಕು, ನಾನು ಮಾಡ್ತೀನಿ."

ಮಾಸ್ತರು ಕೆಮ್ಮಿದರು. "ರಹಮಿಮ್, ಇವಳಿಗೆ ಎಣಿಸೋದು ಕಲಿಸಿದವನು ನಾನು. ಇವಳ ಲೆಕ್ಕ ತಪ್ಪು ಅಂತ ಊರಿಗೆ ಹೇಳಿದ್ರೆ ನನ್ನ ಮರ್ಯಾದೆ ಏನಾಗಬೇಕು?"

"ಆರನೇ ಕ್ಲಾಸು ಮಾಸ್ತರೇ!"

"ಆರನೇ ಕ್ಲಾಸಿನೊಳಗೆ ನೂರ ನಲವತ್ತಮೂರು ಬರುತ್ತೆ ಮಾರಾಯ. ಅದು ಎರಡನೇ ಕ್ಲಾಸಿಗೇ ಬರುತ್ತೆ. ನಾನು ಸೋತಿದ್ದೀನಿ. ಬೇಜಾರಿದೆ, ಇಲ್ಲ ಅನ್ನಲ್ಲ. ಆದ್ರೆ ಸೋತವನಿಗಿಂತ ಜಾಸ್ತಿ ನೀನು ಅಳಬೇಡ."

ಚಿಕ್ಕಪ್ಪ ನೆಬಿಸಕ್ಕನ ಕಡೆ ತಿರುಗಿದರು. ಅವರ ದನಿ ತಗ್ಗಿತು. "ನೆಬಿಸಾ, ನಿನ್ನ ಮೇಲೆ ನನಗೆ ಏನೂ ಇಲ್ಲ. ನನ್ನ ಮಗಳ ಬಾಣಂತನ ಮಾಡಿದವಳು ನೀನು."

"ಗೊತ್ತು ಸಾಹೇಬ್ರೆ. ಅವಳು ಈಗಲೂ ಮೆಂತ್ಯದ ಗಂಜಿಗೆ ನನ್ನನ್ನೇ ಕರೀತಾಳೆ."

"ನನ್ನ ಅಪ್ಪನ ಮುಖಕ್ಕೆ ಏಳು ಊರಿನಲ್ಲಿ ಬಾಗಿಲು ಹಾಕಿದ್ರು. ಶುಕ್ರವಾರ ಕಿಟಕಿಗೆ ಕಂಬಳಿ ಕಟ್ಟಿ ದೀಪ ಹಚ್ತಿದ್ರಂತೆ, ಬೆಳಕು ಹೊರಗೆ ಕಾಣಬಾರದು ಅಂತ. ಭೂಮಿ ಮೇಲೆ ಇದೊಂದೇ ಕಡೆ ನಮಗೋಸ್ಕರ ಬೆಂಕಿ ನಿಲ್ಲುತ್ತೆ. ನಮಗೋಸ್ಕರ ನಿಂತದ್ದನ್ನ ಬೇರೆಯವರ ಕೈ ಶುರು ಮಾಡಿದ್ರೆ, ನಮ್ಮದು ಅಂತ ಇಲ್ಲಿ ಏನು ಉಳೀತು ಹೇಳು. ಇದು ಹೋದ್ರೆ ನಮಗೆ ಬೇರೆ ಊರಿಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕಂಬಳಿ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಅದಕ್ಕೆ ಇನ್ನೂ ಮೊಳೆಯ ತೂತುಗಳಿವೆ.

ನೆಬಿಸಕ್ಕ ಹುರಿಯ ತುದಿಗೆ ಗಂಟು ಹಾಕುತ್ತಾ ಹೇಳಿದಳು. "ನನಗೂ ಬೇರೆ ಊರಿಲ್ಲ ಸಾಹೇಬ್ರೆ. ನನ್ನ ದೊಡ್ಡ ಮಗ ಹುಟ್ಟಿದ್ದು ಸಬ್ಬತ್ತಿನ ದಿನ. ಒಂದು ಚೊಂಬು ನೀರು ಕಾಯಿಸೋಕೆ ಆಗ್ಲಿಲ್ಲ. ತಣ್ಣೀರಲ್ಲೇ ಮಗೂನ ತೊಳೆದ್ರು. ಅವತ್ತು ಯಾರೂ ಬಂದು, ನೆಬಿಸಾ, ಇದು ನಿಂದಲ್ಲದ ಬೆಂಕಿ, ನೀನು ಬೇಕಾದ್ರೆ ಹಚ್ಕೋ ಅಂತ ಹೇಳ್ಲಿಲ್ಲ. ನಿಲ್ಲೋವಾಗ ನಂದೂ ಆಗಿತ್ತು. ಹತ್ತೋವಾಗ ಯಾಕೆ ಅಲ್ಲ?"

ಚಿಕ್ಕಪ್ಪ ಬಾಗಿಲ ಮೇಲಿನ ಕಲ್ಲನ್ನು ನೋಡಿದರು. ಅವರು ಮೇಲಿನ ಸಾಲನ್ನು ಓದುತ್ತಿದ್ದರೋ ಕೆಳಗಿನದನ್ನೋ ನನಗೆ ತಿಳಿಯಲಿಲ್ಲ. ಆಮೇಲೆ ಹೇಳಿದರು, "ಆಯ್ತು. ಕಡ್ಡಿಯ ಯಜಮಾನಿ ಅಂತ ನಿನ್ನ ಹೆಸರೇ ಇರಲಿ. ಮೆಟ್ಟಿಲ ಮೇಲೆ ನೀನೇ ನಿಲ್ಲು. ಕಡ್ಡಿ ಮಾತ್ರ ಮಾಸ್ತರ ಕೈಲಿರಲಿ."

"ಅವರ ಕೈಲಿ ಹತ್ತಲ್ಲವಲ್ಲ."

"ನೀನು ಅವರ ಕೈ ಹಿಡ್ಕೋ."

"ಅಯ್ಯೋ ಅಲ್ಲಾ! ನನ್ನ ಗಂಡನ ಕೈಯನ್ನೇ ಊರ ಮುಂದೆ ಹಿಡಿದವಳಲ್ಲ ನಾನು. ಮಾಸ್ತರ ಹೆಂಡತಿ ಒನಕೆ ತಗೊಂಡು ಬರ್ತಾರೆ."

ಮಾಸ್ತರು ನಕ್ಕುಬಿಟ್ಟರು. ಚಿಕ್ಕಪ್ಪ ನಗಲಿಲ್ಲ. ಮತ್ತೆ ನನ್ನ ಹತ್ತಿರ ಬಂದು ಬಗ್ಗಿದರು. ಅವರ ಕಣ್ಣು ಕೆಂಪಗಿತ್ತು, ಆ ವಾರ ಸರಿಯಾಗಿ ಮಲಗಿರಲಿಲ್ಲ.

"ಹಡಗಿನಲ್ಲಿ ಬಂದವರಲ್ಲಿ ಉಳಿದಿರೋದು ನಿನ್ನ ಅಜ್ಜಿ ಒಬ್ಬಳೇ. ನಾಳೆ ಇದು ನಡೆದ್ರೆ ನಾನು ನನ್ನಮ್ಮನ ಮುಖ ಹೇಗೆ ನೋಡಲಿ? ಹೇಳು. ಅವಳಿಗೆ ಏನಂತ ಹೇಳಲಿ?"

ನಾಲಿಗೆಯ ತುದಿಗೆ ಬಂದಿತ್ತು. ಒಂದೇ ವಾಕ್ಯ ಹೇಳಿದ್ದರೆ ಚಿಕ್ಕಪ್ಪ ಅಲ್ಲೇ ಕುಸಿದು ಕೂರುತ್ತಿದ್ದರು, ಜಗಳವೂ ಮುಗಿಯುತ್ತಿತ್ತು. ಆದರೆ ಆ ಮೇಲೆ ಈ ಊರಿನಲ್ಲಿ ಯಾವ ಹೆಂಗಸೂ ಗಂಡನ ಮುಖ ನೆನೆಸಿಕೊಳ್ಳದೆ ಹರಳು ಹಾಕುತ್ತಿರಲಿಲ್ಲ. ಶಾಲೆ ಬಿಟ್ಟವಳಾದರೂ ಇಷ್ಟು ನನಗೆ ತಿಳಿಯುತ್ತದೆ. ಹೇಳದೆ ಇರುವುದನ್ನು ಚಿಕ್ಕಂದಿನಿಂದ ಮಾಡಿಕೊಂಡು ಬಂದಿದ್ದೇನೆ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

"ಎರಡು ಹರಳು," ಎಂದೆ. "ಊರ ಮುಂದೆ ಕೇಳಿದ್ರೂ ಅದೇ ಹೇಳ್ತೀನಿ."

"ನಾಳೆ ಹತ್ತದಿದ್ರೆ ಊರೆಲ್ಲ ನಿನ್ನನ್ನೇ ಹಿಡ್ಕೊಳ್ಳುತ್ತೆ."

"ಹಿಡ್ಕೊಳ್ಳಲಿ ಚಿಕ್ಕಪ್ಪ."

ಅವರು ಹೋದರು. ಮಾಸ್ತರು ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ನೆಬಿಸಕ್ಕ ಬುಟ್ಟಿ ಎತ್ತಿಕೊಂಡಳು. "ನಾಳೆ ನಿಜಕ್ಕೂ ಹತ್ತದಿದ್ರೆ ಏನು ಮಾಡೋಣ ಹುಡುಗಿ?" ಎಂದಳು.

"ಅವಲಕ್ಕಿ ನೆನೆಸೋಣ," ಎಂದೆ. ಅವಳು ನನ್ನ ಬೆನ್ನಿಗೊಂದು ಗುದ್ದಿದಳು.

ಶನಿವಾರ ಮಧ್ಯಾಹ್ನ ಅಜ್ಜಿಯನ್ನು ನೋಡಲು ಹೋದೆ. ಪ್ರತಿ ಸಬ್ಬತ್ತಿಗೂ ಹೋಗುತ್ತೇನೆ. ಚಿಕ್ಕಪ್ಪ ಪ್ರಾರ್ಥನಾ ಮಂದಿರದಿಂದ ಇನ್ನೂ ಬಂದಿರಲಿಲ್ಲ. ಮಲ್ಕಾ ಚಿಕ್ಕಮ್ಮ ತಣ್ಣಗಿನ ಹುರುಳಿ ಸಾರು, ಅನ್ನ ಬಡಿಸಿ ಎದುರಿಗೇ ಕೂತಳು.

"ನೀನು ಅವತ್ತು ಏನೂ ನೋಡಿಲ್ಲ ಅಲ್ವಾ ಮಗಾ?"

"ಏನನ್ನ ಚಿಕ್ಕಮ್ಮ?"

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನನಗೆ ಬೇಕಿರಲಿಲ್ಲ, ಆದರೂ ಉಂಡೆ.

ಅಜ್ಜಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆಯಲ್ಲಿದ್ದಾಳೆ ಎಂದುಕೊಂಡು ಹೊದಿಕೆ ಸರಿಮಾಡುತ್ತಿದ್ದೆ. "ಬಿನ್ಯಾಮಿನ್ ಕೈ ನಡುಗುತ್ತೆ," ಎಂದಳು ಇದ್ದಕ್ಕಿದ್ದಂತೆ. "ಸೀಮೆಸುಣ್ಣ ಹಿಡಿದು ಹಿಡಿದು. ಗಾಳಿ ಇರೋ ದಿನ ಅವನ ಕೈಲಿ ಕಡ್ಡಿ ನಿಲ್ಲಲ್ಲ. ಆ ನೆಬಿಸಾದು ಒಳ್ಳೆ ಕೈ." ಅಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದಳು. ಏಳು ಊರು, ಹಡಗು, ಕಂಬಳಿ, ಎಲ್ಲವನ್ನೂ ಕಂಡವಳು ಹರಳು ಹಾಕುವಾಗ ನೋಡಿದ್ದು ಗಾಳಿಯನ್ನು. ನನಗೆ ನಗು ಬಂತು.

ಸಂಜೆ ಊರು ಪೂರ್ತಿ ಚಾವಡಿಯ ಮುಂದೆ ನೆರೆಯಿತು. ಲೇಯಾ ಬಾಯಿ ಇದ್ದಾಗ ನೂರು ಜನ ಬಂದರೆ ಹೆಚ್ಚು. ಈಗ ಕೆರೆಯ ಏರಿಯವರೆಗೂ ತಲೆಗಳು. ಮೇಲಿನ ಬೀದಿಯವರು ಒಂದು ಕಡೆ, ಉಪ್ಪಿನ ಕೇರಿಯವರು ಒಂದು ಕಡೆ ನಿಂತರು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದರು. ಅಲ್ಲಿಯವರೆಗೆ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಇದಿನಬ್ಬ ಸುಮ್ಮನೆ ಒಂದು ಹತ್ತದ ಬೀಡಿಯನ್ನು ಕಚ್ಚಿಕೊಂಡಿದ್ದ.

ಕಡ್ಡಿ ಹತ್ತಿದ ಮೇಲೆ ಅದರಿಂದ ಹೆಣೆದ ಮೇಣದ ಬತ್ತಿಯನ್ನು ಹಚ್ಚುತ್ತಾರೆ. ಅದನ್ನು ಹಿಡಿಯುವುದು ನಾನು. ಹಿರಿಯರು ಆ ಬೆಂಕಿಯ ಮೇಲೆ ಸ್ತೋತ್ರ ಹೇಳುತ್ತಾರೆ. ನಮ್ಮವರು ಕೈ ಚಾಚಿ ಆ ಬೆಳಕಿನಲ್ಲಿ ತಮ್ಮ ಉಗುರುಗಳನ್ನು ನೋಡಿಕೊಳ್ಳುತ್ತಾರೆ. ಕೊನೆಗೆ ಎಲ್ಲರೂ ಆಮೆನ್, ಹಾಗೇ ಆಗಲಿ, ಎನ್ನುತ್ತಾರೆ. ಅಲ್ಲಿಗೆ ಸಬ್ಬತ್ತು ಮುಗಿದು ವಾರ ಶುರುವಾಗುತ್ತದೆ. ಸ್ತೋತ್ರವಾಗದೆ ಮೇಲಿನ ಬೀದಿಯ ಯಾವ ಮನೆಯಲ್ಲೂ ಒಲೆ ಹಚ್ಚುವುದಿಲ್ಲ.

ಮೊದಲ ನಕ್ಷತ್ರ ಕಂಡಿತು. ಎರಡನೆಯದು ಕಂಡಿತು. ಮೂರನೆಯದನ್ನು ಮಾಸ್ತರೇ ತೋರಿಸಿದರು. ನೆಬಿಸಕ್ಕ ತಲೆಯ ಸೆರಗು ಬಿಗಿಮಾಡಿಕೊಂಡು ನನ್ನಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು. ಕಡ್ಡಿ ಗೀರಿದಳು. ಅದು ನಡುವೆ ಮುರಿದು ಕೆಳಗೆ ಬಿತ್ತು. ಜನರ ಬಾಯಿಂದ ಒಂದು ಉಸಿರು ಒಟ್ಟಿಗೆ ಹೊರಬಂತು. ಯಾರೋ ಹಿಂದಿನಿಂದ "ನೋಡಿದ್ರಾ?" ಎಂದರು. ಅಷ್ಟು ಜನರ ಕಣ್ಣು ನೆಬಿಸಕ್ಕನನ್ನು ಬಿಟ್ಟು ನನ್ನ ಮೇಲೆ ಬಂದದ್ದು ನನಗೆ ತಿಳಿಯಿತು. ಮಳೆಗಾಲದಲ್ಲಿ ಕಡ್ಡಿ ಮುರಿಯುವುದು ಹೊಸದಲ್ಲ. ನಾನು ಎಣಿಸಿದ್ದು ಸರಿ. ಪೊಟ್ಟಣವನ್ನು ನೋಡಿ ಅವಳಿಗೆ ತಲೆಯಾಡಿಸಿದೆ, ಇನ್ನೊಂದು ತೆಗಿ ಎಂದು.

ಎರಡನೆಯದು ಹತ್ತಿತು.

ಗಾಳಿ ಇತ್ತು. ಅವಳು ಅಂಗೈ ಮರೆಮಾಡಿ ಅದನ್ನು ಹಾಗೇ ಹಿಡಿದಳು, ಉರಿ ಒಂದು ಸಲವೂ ಅಲುಗಲಿಲ್ಲ. ನಾನು ಮೇಣದ ಬತ್ತಿ ಚಾಚಿದೆ, ಅದೂ ಹತ್ತಿತು. ಕೆಳಗೆ ಉಪ್ಪಿನ ಕೇರಿಯಲ್ಲಿ ಬಲ್ಬುಗಳು ಒಂದೊಂದಾಗಿ ಬಂದವು, ಮೇಲಿನ ಬೀದಿಯಲ್ಲೂ ಬಂದವು. ಇಳಿಜಾರಿನಲ್ಲಿ ಬಸ್ಸು ಗುರ್ ಎಂದಿತು. ಇದಿನಬ್ಬ ಬೀಡಿ ಹಚ್ಚಿ ಕಣ್ಣು ಮುಚ್ಚಿಕೊಂಡ. ಉಪ್ಪಿನ ಕೇರಿಯವರಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ನೆಬಿಸಕ್ಕ ಅವರ ಕಡೆ ಒಮ್ಮೆ ನೋಡಿದಳು, ನಿಂತಿತು.

ಈಗ ಚಿಕ್ಕಪ್ಪ ಸ್ತೋತ್ರ ಹೇಳಬೇಕು. ಅವರು ಮೆಟ್ಟಿಲ ಕೆಳಗೆ ನಿಂತಿದ್ದರು. ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು. ಬೆಂಕಿಯನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗಿತು, ದನಿ ಬರಲಿಲ್ಲ. ಕೋಪವೆಂದು ನನಗನ್ನಿಸಲಿಲ್ಲ. ಕತ್ತಲಲ್ಲಿ ತಮ್ಮ ಮನೆಯ ಮೆಟ್ಟಿಲನ್ನೇ ತಡಕುವವರ ಹಾಗೆ ಕಾಣುತ್ತಿದ್ದರು. ಪಕ್ಕದಲ್ಲಿ ಮಲ್ಕಾ ಚಿಕ್ಕಮ್ಮ ನೆಲ ನೋಡುತ್ತಿದ್ದಳು. ಮಾಸ್ತರು "ರಹಮಿಮ್" ಎಂದು ಮೆಲ್ಲಗೆ ಕರೆದರು. ಚಿಕ್ಕಪ್ಪ ತಲೆಯಾಡಿಸಿದರು, ಆಗುವುದಿಲ್ಲ ಎಂದು.

ಮೇಣ ಕರಗಿ ನನ್ನ ಬೆರಳಿಗೆ ಬಿತ್ತು. ಕಡ್ಡಿ ಊರು ಆರಿಸಿದ ಕೈಯಲ್ಲಿ ಹತ್ತಿದೆ. ಸ್ತೋತ್ರ ನಮ್ಮದು, ಅದನ್ನು ಯಾರೂ ನಮ್ಮಿಂದ ಕೇಳಿಲ್ಲ, ಯಾರೂ ತೆಗೆದುಕೊಂಡಿಲ್ಲ. ನಾವೇ ಹೇಳದಿದ್ದರೆ ಮಾತ್ರ ಅದು ಹೋಗುತ್ತದೆ. ಹೆಂಗಸರು ಮೆಟ್ಟಿಲ ಮೇಲೆ ನಿಂತು ಅದನ್ನು ಹೇಳಿದ್ದಿಲ್ಲ. ಹೇಳಬಾರದೆಂದು ಯಾರೂ ಕೆತ್ತಿಯೂ ಇಲ್ಲ. ನನಗೆ ಅದು ಬಾಯಿಗೆ ಬರುತ್ತದೆ, ಹತ್ತು ವರ್ಷದಿಂದ ವಾರವಾರ ಅದರ ಪಕ್ಕದಲ್ಲೇ ಬತ್ತಿ ಹಿಡಿದು ನಿಂತಿದ್ದೇನೆ.

ಹೇಳಿದೆ. ನನ್ನ ದನಿ ಕೆರೆಯ ಏರಿಯವರೆಗೂ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. ಮೇಲಿನ ಬೀದಿಯವರ ಕೈಗಳು ಅಭ್ಯಾಸಬಲದಿಂದ ಒಂದೊಂದಾಗಿ ಮುಂದೆ ಬಂದವು, ಬೆರಳು ಬಾಗಿ ಉಗುರುಗಳ ಮೇಲೆ ಬೆಳಕು ಬಿತ್ತು. ಮಾಸ್ತರ ಕೈ ನಡುಗುತ್ತಿತ್ತು. ಚಿಕ್ಕಪ್ಪನ ಕೈ ಮಾತ್ರ ಜೇಬಿನಲ್ಲೇ ಇತ್ತು. ಕೊನೆಯ ಪದ ಮುಗಿಸಿ ನಾನು ಕಾದೆ. ನೆಬಿಸಕ್ಕ ನನ್ನ ಪಕ್ಕದಲ್ಲಿ ಸುಟ್ಟ ಕಡ್ಡಿಯನ್ನು ಹಿಡಿದುಕೊಂಡೇ ನಿಂತಿದ್ದಳು.

"ಆಮೆನ್ ಅನ್ನಿ," ಎಂದೆ.

ಯಾರೂ ಅನ್ನಲಿಲ್ಲ.